ಮಂಗಳವಾರಕ್ಕೆ ಮುಂಚೆ ಒಡೆಯಬಾರದು

ರಟ್ಟಿನ ಡಬ್ಬ ಕಂಡು ಆರ್ಡಿಸ್ ಕೊವಾಲ್ಕೆ ಯಾವತ್ತೂ ಹೆದರಿದವಳಲ್ಲ. ಆ ಗುರುವಾರ ಹೆದರಿದಳು.

ಡಬ್ಬ ಎಂದಿನಂಥದ್ದೇ. ಮೇಲೆ ಕೆಂಪಕ್ಷರದಲ್ಲಿ ಮಂಗಳವಾರಕ್ಕೆ ಮುಂಚೆ ಒಡೆಯಬಾರದು ಅಂತ ಅಚ್ಚಾಗಿತ್ತು. ಹೊಸ ಪಿಕ್ಚರ್ ಡಿಸ್ಕು ಮಾರಾಟಕ್ಕೆ ಬರುವುದು ಮಂಗಳವಾರವೇ, ದೇಶಕ್ಕೆಲ್ಲ ಅದೇ ಕಟ್ಟಳೆ. ಒಂದೇ ಒಂದು ಡಿಸ್ಕು ಮುಂಚೆ ಆಚೆ ಹೋಯಿತು ಅಂತ ಕಳಿಸುವವರ ಕಿವಿಗೆ ಬಿದ್ದರೂ ಆಮೇಲೆ ಆ ಅಂಗಡಿಗೆ ಡಬ್ಬ ಬರುವುದಿಲ್ಲ. ಪಕ್ಕದೂರಿನ ಅಂಗಡಿ ಹಾಗೇ ಬಾಗಿಲು ಹಾಕಿತ್ತು. ಆಷ್‌ಕಾಷ್ ಊರಿನಲ್ಲಿ ಉಳಿದಿದ್ದದ್ದು ಲೊನ್ನಿಯ ಅಂಗಡಿ ಒಂದೇ. ಅದರ ಗಲ್ಲಾದಲ್ಲಿ ಕೂರುವವಳು ಆರ್ಡಿಸ್.

ತಿಂಗಳ ಮೊದಲಲ್ಲಿ ಈ ತಿಂಗಳು ಏನೇನು ಬರುತ್ತದೆ ಅಂತ ಲೊನ್ನಿ ಹೇಳುತ್ತಿದ್ದ, ಅವಳು ಕರಿಹಲಗೆ ಮೇಲೆ ಬರೆಯುತ್ತಿದ್ದಳು. ಅಕ್ಟೋಬರ್ ಅಂದರೆ ಹ್ಯಾಲೋವೀನ್ ಹಬ್ಬ, ದೆವ್ವದ ಪಿಕ್ಚರುಗಳ ಸುಗ್ಗಿ. ಜಪಾನಿನದೊಂದು ಕಪ್ಪು-ಬಿಳುಪು ಚಿತ್ರ, ಇಟಲಿಯ ಕೊಲೆಗಾರನದೊಂದು, ಹಳೇ ನೆಗೆಟಿವ್ ತೊಳೆದು ಹೊಸದಾಗಿ ತೆಗೆದವು ಒಂದಷ್ಟು. ಅವಳು ಬರೆಯುತ್ತಾ ಹೋದಳು. 'ಪಾಚಿ ಭೂತ' ಅಂತ ಲೊನ್ನಿ ಹೇಳಿದಾಗ ಸೀಮೆಸುಣ್ಣ ನಿಂತುಬಿಟ್ಟಿತು.

"ಯಾಕೆ ಆರ್ಡಿಸ್?"

"ಅದು ಕಳೆದುಹೋಗಿತ್ತಲ್ಲ."

"ಯಾರದೋ ಕೊಟ್ಟಿಗೇಲಿ ರೀಲು ಸಿಕ್ಕಿದೆ. ನಾನು ಹುಡುಗನಾಗಿದ್ದಾಗ ಒಂದು ಹಾಳು ಟೇಪಲ್ಲಿ ಲೆಕ್ಕ ಇಲ್ಲದಷ್ಟು ಸಲ ನೋಡಿದೀನಿ, ಆಮೇಲೆ ಅದೂ ಸವೆದುಹೋಯ್ತು. ಇಲ್ಲೇ ನಮ್ಮ ವಿನ್ನೆಬೇಗೊ ಕೆರೇಲಿ ತೆಗೆದದ್ದು, ಗೊತ್ತಾ?"

"ಗೊತ್ತು. ಭೂತ ನನ್ನ ಗಂಡ."

ಲೊನ್ನಿ ಬಾಯಿ ಬಿಟ್ಟ. "ಇಷ್ಟು ವರ್ಷ ಇಲ್ಲೇ ಕೂತಿದೀರ! ಹೇಳ್ಬಾರ್ದಿತ್ತಾ?"

"ನೀನು ಕೇಳ್ಲಿಲ್ಲ."

ಮೆರ್ಲ್ ಕೊವಾಲ್ಕೆ ಕಾಗದದ ಗಿರಣಿಯಲ್ಲಿ ದುಡಿದವನು. ಚಳಿಗಾಲದಲ್ಲಿ ಮಂಜುಗಡ್ಡೆಯಾದ ಕೆರೆ ಮೇಲೆ ಗುಡಿಸಲು ಹಾಕಿಕೊಂಡು ಮೀನಿಗೆ ಕಾಯುತ್ತಿದ್ದ. ಬಾಳೆಲ್ಲ ಅಷ್ಟೇ. ನಡುವೆ ಒಂದು ಬೇಸಿಗೆ ಮಾತ್ರ ಬೇರೆ ಥರ. ಮಿಲ್ವಾಕಿಯಿಂದ ಪಿಕ್ಚರ್ ತೆಗೆಯುವವರು ಬಂದು, ಚೆನ್ನಾಗಿ ಈಜುವ ಎತ್ತರದ ಆಳು ಬೇಕು ಅಂದರು. ಮೆರ್ಲ್ ಹೋದ. ಹಸಿರು ರಬ್ಬರ್ ಉಡುಪು ಹೊಲಿಸಿ ಅವನನ್ನು ಅದರೊಳಗೆ ತುರುಕಿದರು. ಪಿಕ್ಚರಿನಲ್ಲಿ ಅವನ ಮುಖ ಎಲ್ಲೂ ಕಾಣುವುದಿಲ್ಲ. ಹೆಸರೂ ಹಾಕಲಿಲ್ಲ.

ಆಗ ಅವರಿಗಿನ್ನೂ ಮದುವೆಯಾಗಿರಲಿಲ್ಲ. ಆರ್ಡಿಸ್ ಅವನಿಗೆ ಊಟ ತಗೊಂಡು ದಡದಲ್ಲಿ ನಿಂತಿದ್ದಳು. ಭೂತ ಮುಳುಗಿ ಏಳಬೇಕಿತ್ತು. ಮುಳುಗಿತು, ಏಳಲಿಲ್ಲ. ಕಾಲು ಕಳೆಗೆ ಸಿಕ್ಕಿ ರಬ್ಬರಿನೊಳಗೆ ನೀರು ತುಂಬಿತ್ತು. ಎಲ್ಲರೂ ಇದೂ ಆಟದ ಭಾಗ ಅಂತ ನೋಡುತ್ತಾ ನಿಂತಿದ್ದರು. ಆರ್ಡಿಸ್ ಒಬ್ಬಳೇ ಕೂಗಿದಳು. ಅದು ತನ್ನ ಗಂಟಲಿನ ಕೂಗು ಅಂತ ಅವಳಿಗೇ ಗೊತ್ತಾಗಲಿಲ್ಲ. ಅದನ್ನು ಕೇಳಿ ಇಬ್ಬರು ಹಾರಿ ಅವನನ್ನು ಎಳೆದರು. ಮೇಲೆ ಬಂದ ಭೂತದ ಕೆನ್ನೆಗೆ ಅವಳು ಬಾರಿಸಿದಳು. ಕೈಗೆಲ್ಲ ಪಾಚಿ.

ಧ್ವನಿ ಹಿಡಿಯುವವನ ಯಂತ್ರ ಅಷ್ಟು ಹೊತ್ತೂ ಓಡುತ್ತಿತ್ತು. ನಾಯಕಿಯ ಕೂಗು ಬೆಕ್ಕಿನ ಹಾಗಿತ್ತಂತೆ. ಅದನ್ನು ತೆಗೆದು ಆರ್ಡಿಸ್‌ಳದ್ದನ್ನು ಹಾಕಿದರು. ಈ ಮಾತು ಅವಳು ಲೊನ್ನಿಗೆ ಹೇಳಲಿಲ್ಲ.

ಈಗ ಮೆರ್ಲ್ ಮನೆಯ ಮುಂದಿನ ಕೋಣೆಯ ಮಂಚದಲ್ಲಿದ್ದ. ಮೂಗಿಗೆ ಆಕ್ಸಿಜನ್ ನಳಿಕೆ, ಶ್ವಾಸಕೋಶದ ತುಂಬ ನೀರು. ತೆಗೆದರೆ ಮತ್ತೆ ತುಂಬುತ್ತಿತ್ತು. ಆಸ್ಪತ್ರೆಯವರು ಮನೆಗೆ ಕಳಿಸಿಬಿಟ್ಟಿದ್ದರು.

"ಆಗ ನೀರೊಳಗೆ ನಾನು. ಈಗ ನನ್ನೊಳಗೆ ನೀರು," ಅಂದ ಒಂದು ದಿನ.

"ಬಾಯಿ ಮುಚ್ಚು ಮಾರಾಯ."

"ಪಾಚಿ ಭೂತ ಬಂತೇನೆ?"

"ಮಂಗಳವಾರ ಬರುತ್ತೆ."

"ನನ್ನ ರಬ್ಬರ್ ಮುಖ ಯಾರಿಗೆ ಬೇಕು? ನಿನ್ನ ಕೂಗು ಕೇಳ್ಬೇಕು ಕಣೇ ನಂಗೆ. ಅವತ್ತು ನೀರೊಳಗೆ ಕಿವಿ ಮುಚ್ಚಿತ್ತು, ಕೇಳಿಸ್ಲಿಲ್ಲ. ಆಮೇಲೆ ಟಾಕೀಸಲ್ಲಿ ಒಂದೇ ಸಲ ಕೇಳಿದ್ದು. ಆಗ್ಲೇ ಅಂದ್ಕೊಂಡೆ, ಇವಳನ್ನ ಬಿಡಬಾರ್ದು ಅಂತ."

ಮನೆಗೆ ಬಂದುಹೋಗುವ ನರ್ಸ್ ಟ್ವೈಲಾ ಬುಧವಾರ ಆರ್ಡಿಸ್‌ಳನ್ನು ಅಡುಗೆಮನೆಗೆ ಕರೆದಳು. ಮೆರ್ಲ್‌ನ ಕಾಲಿನ ಬಣ್ಣ ತಿರುಗಿದೆ, ಇನ್ನು ಕೆಲವೇ ದಿನ ಅಂದಳು.

"ಮಂಗಳವಾರದ ತನಕ?" ಅಂತ ಆರ್ಡಿಸ್ ಕೇಳಿದಳು.

ಟ್ವೈಲಾ ಅವಳ ಕೈ ಹಿಡಿದಳು. "ಮಾತಾಡ್ತಾ ಇರಿ ಅವರ ಹತ್ರ. ನಿದ್ದೆ ಮಾಡ್ತಿದಾರೆ ಅನ್ಸಿದ್ರೂ ಮಾತಾಡಿ. ಕಿವಿ ಹೋಗೋದು ಎಲ್ಲಕ್ಕಿಂತ ಕೊನೆಗೆ."

ಮಾರನೆಯ ದಿನವೇ ಡಬ್ಬ ಬಂದದ್ದು. ಲೊನ್ನಿ ಅದನ್ನು ಒಳಕೋಣೆಯಲ್ಲಿಟ್ಟ. ಆರ್ಡಿಸ್ ಗಲ್ಲಾದಲ್ಲಿ ಕೂತಿದ್ದಳು, ಗಮನವೆಲ್ಲ ಒಳಕೋಣೆ ಕಡೆಗಿತ್ತು. ಲೊನ್ನಿಯನ್ನು ಕೇಳಬಹುದಿತ್ತು. ಕೇಳಿದರೆ ಇಲ್ಲ ಅನ್ನಬಹುದು. ಇಲ್ಲ ಅಂದಮೇಲೆ ಎತ್ತಿದರೆ ಕಳ್ಳತನ. ಕೇಳದೆ ಎತ್ತಿದರೂ ಕಳ್ಳತನವೇ. ಆದರೆ ಆಗ ಮೆರ್ಲ್ ಆ ಕೂಗನ್ನು ಕೇಳಿರುತ್ತಾನೆ.

ಶುಕ್ರವಾರ ಮಧ್ಯಾಹ್ನ ಲೊನ್ನಿ ಕರಿದ ಮೀನು ತರಲು ಹೋದ. ಅವಳು ಎದ್ದಳು. ಅಂಟುಪಟ್ಟಿಗೆ ಚಾಕು ಹಾಕಿದಾಗ ಬಂದ ಸದ್ದು ಬೀದಿಗೆಲ್ಲ ಕೇಳಿಸಿತು ಅನ್ನಿಸಿತು. 'ಪಾಚಿ ಭೂತ' ಮೇಲೇ ಇತ್ತು, ಹೊದಿಕೆಯ ಚಿತ್ರದಲ್ಲಿ ಹಸಿರು ಕೈ ಚಾಚಿಕೊಂಡು. ಒಂದನ್ನು ಕೋಟಿನೊಳಗೆ ಇಟ್ಟು ಪಟ್ಟಿ ಮತ್ತೆ ಅಂಟಿಸಿದಳು. ಅದು ಸೊಟ್ಟ ಕೂತಿತು. ತಿರುಗಿದರೆ ಮುಂಬಾಗಿಲ ಗಾಜಿನಾಚೆ ಗಾರ್ಡಿ, ನಿವೃತ್ತ ಅಂಚೆಯವನು. ಪ್ರತಿ ಮಂಗಳವಾರ ಬಾಗಿಲು ತೆರೆಯುವ ಮುಂಚೆ ಬಂದು ಗಾಜಿಗೆ ಮೂಗು ಒತ್ತಿಕೊಂಡು ನಿಲ್ಲುವ ಗಿರಾಕಿ.

"ಬಂತಾ ಭೂತ?" ಅಂತ ಕೂಗಿದ.

"ಮಂಗಳವಾರ ಬಾ!"

"ಮುಖ ಯಾಕೆ ಹಾಗಿದೆ? ಭೂತ ನೋಡಿದವರ ಹಾಗೆ!"

ಅವನು ನಗುತ್ತಾ ಹೋದ. ತಲೆನೋವು ಅಂತ ಲೊನ್ನಿಗೆ ಸುಳ್ಳು ಹೇಳಿ ಮನೆಗೆ ಬಂದಳು. ಬರುವ ದಾರಿಯುದ್ದಕ್ಕೂ ಒಂದೇ ಹೆದರಿಕೆ, ಹೋಗುವಷ್ಟರಲ್ಲಿ ಮುಗಿದುಹೋಗಿದ್ದರೆ?

ಮೆರ್ಲ್ ಎಚ್ಚರವಾಗಿದ್ದ. ಅವಳು ಕೋಟು ಕೂಡ ಬಿಚ್ಚಲಿಲ್ಲ. ಸುತ್ತಿದ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಹರಿದು ಡಿಸ್ಕನ್ನು ಯಂತ್ರಕ್ಕೆ ಹಾಕಿದಳು. ಯಂತ್ರ ಗುರ್ ಅಂತು, ನಿಂತಿತು, ಮತ್ತೆ ಗುರ್ ಅಂತು. ಟೀವಿ ಮೇಲೆ ಬಂತು: ಈ ಡಿಸ್ಕು ಓದಲಾಗುವುದಿಲ್ಲ.

ಅಂಗಡಿಗೆ ಬಂದ ಪ್ರತಿ ಗಿರಾಕಿಗೂ ದುಡ್ಡು ತಗೊಳ್ಳುವ ಮುಂಚೆ ಅವಳು ಕೇಳುವ ಮಾತೊಂದಿತ್ತು. ಮನೇಲಿ ಯಾವ ಮಿಷನ್ ಇದೆ? ಹೊಸ ಡಿಸ್ಕು ಹಳೇ ಮಿಷನ್‌ನಲ್ಲಿ ಓಡುವುದಿಲ್ಲ. ಕೇಳದೆ ಕೊಟ್ಟರೆ ವಾಪಸ್ ತರುತ್ತಾರೆ. ದಿನಾ ಊರನ್ನೆಲ್ಲ ಕೇಳುತ್ತಿದ್ದಳು, ತನ್ನನ್ನು ತಾನು ಕೇಳಿಕೊಳ್ಳಲಿಲ್ಲ.

ಅವಳು ನೆಲದ ಮೇಲೆ ಕೂತುಬಿಟ್ಟಳು. ಮೆರ್ಲ್ ನಗಲು ಹೋಗಿ ಕೆಮ್ಮಿದ. ಕೆಮ್ಮು ನಿಲ್ಲುವ ತನಕ ಅವಳು ಅವನ ಬೆನ್ನು ಹಿಡಿದಿದ್ದಳು.

"ಕದ್ದದ್ದೂ ದಂಡ," ಅಂದ. "ಹೋಗ್ಲಿ, ನೀನೇ ಇದೀಯಲ್ಲ. ಕೂಗು."

"ಹುಚ್ಚಾ ನಿಂಗೆ?"

"ಕೂಗೇ."

ಅವಳು ಕಣ್ಣು ಮುಚ್ಚಿ ಕೂಗಿದಳು.

"ಇಲಿ ಕಂಡ್ಯಾ?" ಅಂದ ಮೆರ್ಲ್.

ಇನ್ನೊಂದು ಸಲ ಕೂಗಿದಳು. ಗಂಟಲು ಕೆರೆಯಿತು.

"ಇದೂ ಅಲ್ಲ ಕಣೇ. ಅವತ್ತು ನಿಜವಾಗ್ಲೂ ಹೆದರಿದ್ದೆ ನೀನು."

ಈಗ ಹೆದರಿಲ್ಲ ಅಂದುಕೊಂಡೆಯಾ ಅಂತ ಕೇಳಬೇಕು ಅನ್ನಿಸಿತು. ಹೆದರಿಕೆ ತಿಂಗಳುಗಟ್ಟಲೆ ಒಳಗೇ ಕೂತಿತ್ತು, ಗಂಟಲಿಗೆ ಬರುತ್ತಿರಲಿಲ್ಲ.

ಶನಿವಾರ ಬೆಳಗ್ಗೆ ಅಂಗಡಿಗೆ ಹೋಗಿ ಡಿಸ್ಕನ್ನು ಲೊನ್ನಿಯ ಮುಂದೆ ಇಟ್ಟಳು. ಅವನು ಅದನ್ನು ನೋಡಿದ. ಒಳಗೆ ಹೋಗಿ ಡಬ್ಬದ ಪಟ್ಟಿ ನೋಡಿ ಬಂದ.

"ಯಾರಾದ್ರೂ ನೋಡಿದ್ರಾ?"

"ಗಾರ್ಡಿ ಬಂದಿದ್ದ. ನೋಡ್ಲಿಲ್ಲ ಅನ್ಸುತ್ತೆ."

"ಅನ್ಸುತ್ತೆ! ಅವರಿಗೆ ಗೊತ್ತಾದ್ರೆ ಅಂಗಡಿ ಮುಚ್ಕೊಂಡು ಹೋಗ್ಬೇಕು ನಾನು. ಗೊತ್ತಲ್ವಾ ನಿಮಗೆ? ಒಂದು ಮಾತು ಕೇಳ್ಬಾರ್ದಾ?"

"ಕೇಳಿದ್ರೆ ಕೊಡ್ತಿದ್ಯಾ?"

ಲೊನ್ನಿ ಡಿಸ್ಕನ್ನು ಆಚೆ ಸರಿಸಿದ. ಕಿವಿ ಕೆಂಪಗಾಗಿತ್ತು.

"ಇಲ್ಲ," ಅಂದ. "ಕೊಡ್ತಿರ್ಲಿಲ್ಲ." ಆಮೇಲೆ ಕುರ್ಚಿ ಎಳೆದುಕೊಂಡು ಕೂತ. "ಒಡೆದದ್ದು ಒಡೆದಾಯ್ತು. ನಾಳೆ ಚರ್ಚ್ ಮುಗಿಸ್ಕೊಂಡು ನಮ್ಮನೆ ಮಿಷನ್ ತರ್ತೀನಿ. ಜೋಡಿಸೋಕೆ ನಿಮಗೆ ಬರಲ್ಲ. ಇರ್ತಾರಲ್ವಾ ನಾಳೆ?"

"ಇರ್ತಾನೆ," ಅಂದಳು. ಅಂದದ್ದಕ್ಕೆ ಹೆದರಿ, ಕೆಡುಕಾಗದಿರಲಿ ಅಂತ ಮೇಜಿನ ಮರ ಮುಟ್ಟಿದಳು.

ಆ ದಿನ ಮೆರ್ಲ್ ಹೆಚ್ಚು ಮಾತಾಡಲಿಲ್ಲ. ಉಸಿರು ಹೋದರೆ ಮತ್ತೆ ಬರುವುದಕ್ಕೆ ತಡವಾಗುತ್ತಿತ್ತು. ಪ್ರತಿ ಸಲವೂ ಆರ್ಡಿಸ್ ತನ್ನ ಉಸಿರನ್ನೂ ಹಿಡಿದಿರುತ್ತಿದ್ದಳು. ಅವನದು ಬಂದರೆ ಅವಳದೂ ಬರುತ್ತಿತ್ತು. "ನಾಳೆ ಕೇಳ್ಸುತ್ತೆ ಇರು. ನಾಳೆ," ಅಂತ ಕಿವಿಯಲ್ಲಿ ಹೇಳುತ್ತಲೇ ಇದ್ದಳು. ಅವನು ಒಂದೊಂದು ಸಲ ಹ್ಞೂಂ ಅಂದ.

ಭಾನುವಾರ ಬಿಸಿಲು ಬಿದ್ದಿತ್ತು. ಪಕ್ಕದ ಮನೆಯವರು ಫುಟ್‌ಬಾಲ್ ಆಟಕ್ಕೆ ಹೊರಡುತ್ತಾ ಹಾರ್ನ್ ಹೊಡೆಯುತ್ತಿದ್ದರು. ಆರ್ಡಿಸ್ ಅವನ ಮುಖ ಒರೆಸುತ್ತಿದ್ದಳು. ಉಸಿರು ಹೋಯಿತು. ಅವಳು ತನ್ನದನ್ನು ಹಿಡಿದಳು. ಕಾದಳು. ಬಟ್ಟೆಯಿಂದ ನೀರು ತೊಟ್ಟಿಕ್ಕಿ ಹಾಸಿಗೆ ಒದ್ದೆಯಾಯಿತು. ಇನ್ನೂ ಕಾದಳು. ಎದೆ ಬಿರಿಯಿತು. ಅವನು ಏಳಲಿಲ್ಲ.

ಆಗ ಆ ಕೂಗು ಬಂತು.

ಎಲ್ಲಿಂದ ಬಂತೋ, ತನ್ನದು ಅಂತ ಅವಳಿಗೆ ಗೊತ್ತಾಗಲಿಲ್ಲ. ಹೊರಗೆ ಹಾರ್ನ್ ನಿಂತಿತು. ಮೆರ್ಲ್‌ನ ತುಟಿ ಸ್ವಲ್ಪ ಬಿಚ್ಚಿತ್ತು. ಅದು ಮುಂಚೆಯೇ ಬಿಚ್ಚಿತ್ತೋ, ಈಗ ಬಿಚ್ಚಿತೋ ಅವಳಿಗೆ ಹೇಳಲಾಗಲಿಲ್ಲ.

ಬಾಗಿಲಲ್ಲಿ ಲೊನ್ನಿ ನಿಂತಿದ್ದ, ಮಿಷನ್ ತಬ್ಬಿಕೊಂಡು, ವೈರು ನೆಲದ ತನಕ ಜೋತಾಡುತ್ತಿತ್ತು. ಅವನ ಮುಖ ಬೆಳ್ಳಗಾಗಿತ್ತು.

"ಅದು ನೀವಾ?" ಅಂದ. "ಪಿಕ್ಚರಲ್ಲಿ... ಅದೇ ಕೂಗು. ಅದು ನೀವಾ ಆರ್ಡಿಸ್?"

ಅವಳು ಹೌದು ಅಂತ ತಲೆಯಾಡಿಸಿದಳು. ಆಮೇಲೆ ಬಂದ ಟ್ವೈಲಾಳನ್ನು ಅವಳು ಕೇಳಿದ್ದು ಒಂದೇ. ಉಸಿರು ನಿಂತಮೇಲೆ ಕಿವಿ ಎಷ್ಟು ಹೊತ್ತು ಇರುತ್ತೆ?

"ಸ್ವಲ್ಪ ಹೊತ್ತು ಇರುತ್ತೆ ಅಂತಾರೆ," ಅಂದಳು ಟ್ವೈಲಾ. "ಖಾತ್ರಿ ಯಾರಿಗೂ ಗೊತ್ತಿಲ್ಲ."

ಮಂಗಳವಾರ ಆರ್ಡಿಸ್ ಅಂಗಡಿಗೆ ಬಂದಳು.

"ಇವತ್ಯಾಕೆ ಬಂದ್ರಿ? ಮನೆಗೆ ಹೋಗಿ," ಅಂದ ಲೊನ್ನಿ.

"ಮನೇಲಿ ಏನಿದೆ?"

ಇಬ್ಬರೂ ಸೇರಿ ಡಬ್ಬ ಒಡೆದರು. ಅವಳು ಹಸಿರು ಕೈಗಳನ್ನು ಕಪಾಟಿನಲ್ಲಿ ಸಾಲಾಗಿ ನಿಲ್ಲಿಸಿದಳು. ಒಂದು ಕಡಿಮೆ ಇತ್ತು. ಅದು ಅವಳ ಕೋಟಿನಲ್ಲಿತ್ತು. ಮಿಷನ್ನನ್ನು ಲೊನ್ನಿ ಅವಳ ಮನೆಯಲ್ಲೇ ಬಿಟ್ಟು ಹೋಗಿದ್ದ. ಅವಳು ಅದರ ಮೇಲೆ ಒಂದು ದುಪ್ಪಟಿ ಹೊದಿಸಿಟ್ಟಿದ್ದಳು.

ಗಾರ್ಡಿ ಗಾಜಿಗೆ ಮೂಗು ಒತ್ತಿಕೊಂಡು ನಿಂತಿದ್ದ. ಬಾಗಿಲು ತೆಗೆದದ್ದೇ ಟೋಪಿ ಕೈಯಲ್ಲಿ ಹಿಡಿದು ಒಳಗೆ ಬಂದ. ಸುದ್ದಿ ಅವನಿಗೆ ಮುಟ್ಟಿತ್ತು. ಭೂತವನ್ನು ಎತ್ತಿಕೊಂಡು ಗಲ್ಲಾದ ಮೇಲಿಟ್ಟ.

"ಇದರಲ್ಲಿ ಒಂದು ಕೂಗಿದೆ ಆರ್ಡಿಸ್," ಅಂದ. "ಮಿಕ್ಕಿದ್ದೆಲ್ಲ ತಮಾಷೆ. ಆ ಕೂಗಿಗೆ ಮಾತ್ರ ಈಗ್ಲೂ ಮೈ ನಡುಗುತ್ತೆ. ಆ ನಾಯಕಿಯದಂತೂ ಅಲ್ಲ, ಯಾರದೋ ಏನೋ, ಹೆಸರೂ ಹಾಕಿಲ್ಲ ನೋಡಿ."

ಒಳಕೋಣೆಯಲ್ಲಿ ಲೊನ್ನಿಯ ಕೈ ನಿಂತಿತು.

ಆರ್ಡಿಸ್ ಡಿಸ್ಕನ್ನು ತಿರುಗಿಸಿ ಬೆಲೆ ನೋಡಿದಳು.

"ಮನೇಲಿ ಯಾವ ಮಿಷನ್ ಇದೆ?" ಅಂತ ಕೇಳಿದಳು.