ರುದ್ರವ್ವನ ಒಂಟಿ ನಳಿಕೆ

ಕನಮಡಿಯ ರುದ್ರವ್ವ ಹಾಲು ಹಾಕುವವನನ್ನು ನಂಬುವುದಿಲ್ಲ, ಹಾಲನ್ನೂ ನಂಬುವುದಿಲ್ಲ. ಅಂಗಡಿಯ ಬೆಲ್ಲವನ್ನು ಮನೆಗೆ ತಂದು ಮತ್ತೊಮ್ಮೆ ತೂಗುತ್ತಾಳೆ. ತೂಕ ಸರಿಯಾಗಿದ್ದರೆ ಮನೆಯ ತಕ್ಕಡಿಯೇ ಕೆಟ್ಟಿರಬೇಕೆಂಬ ಚಿಂತೆ ಹತ್ತುತ್ತದೆ. ಬ್ಯಾಂಕಿನಿಂದ ಫೋನು ಬಂದು "ಓಟಿಪಿ ಯಾರಿಗೂ ಹೇಳಬೇಡಿ" ಎಂದಾಗ, "ಅದನ್ನ ನನಗ ಹೇಳಾಕ ನೀ ಯಾರು?" ಎಂದು ಕೇಳಿ ಫೋನು ಇಟ್ಟವಳು. ಮಗ ಸಂಗನಬಸವ ದ್ರಾಕ್ಷಿ ತೋಟಕ್ಕೆ ಕ್ಯಾಮೆರಾ ಹಾಕಿಸಿದ ಮೇಲೆ ಆಕೆ ಕಳ್ಳರನ್ನು ಬಿಟ್ಟು ಕ್ಯಾಮೆರಾವನ್ನು ಕಾಯುತ್ತಿದ್ದಾಳೆ.

ಈ ಅನುಮಾನದ ಕೈಗೆ ಸಿಗದೆ ಉಳಿದವರು ಒಬ್ಬರೇ: ತೀರಿಕೊಂಡ ಯಜಮಾನರು, ಗುರುಪಾದಯ್ಯ. ಅವರ ಮಾತನ್ನು ಆಕೆ ಯಾವ ತಕ್ಕಡಿಗೂ ಹಾಕಿದವಳಲ್ಲ. ಬೆಳೆಗೆ ಬೀಳುವ ಹಂದಿಗಳಿಗೆಂದು ಅವರು ಪರವಾನಗಿ ಪಡೆದು ಒಂದು ಬಂದೂಕು ತಂದಿದ್ದರು. "ಒಂದು ಗುಂಡೂ ಹಾರಿಸಿಲ್ಲ. ತೋರಿಸಿದ್ರ ಸಾಕು, ಓಡಿಹೋಗ್ತಾವ" ಎನ್ನುತ್ತಿದ್ದರು. ನಮ್ಮ ಅಯ್ನೋರಿಗೆ ಗುಂಡು ಹಾಕುವ ಚಟವೂ ಇರಲಿಲ್ಲ, ಹಾರಿಸುವ ಚಟವೂ ಇರಲಿಲ್ಲ ಎಂದು ರುದ್ರವ್ವ ಊರಿಗೆಲ್ಲ ಹೇಳಿದ್ದಾಳೆ.

ಅವರು ಹೋದ ಮೇಲೆ ಪರವಾನಗಿ ಆಕೆಯ ಹೆಸರಿಗೆ ಬಂತು, ಬಂದೂಕು ದೇವರ ಜಗುಲಿಗೆ ಏರಿತು. ಪ್ರತಿ ಮಹಾನವಮಿಗೆ ಆಯುಧಗಳ ಖಂಡೆಪೂಜೆಯಲ್ಲಿ ಅದಕ್ಕೆ ಎಣ್ಣೆ, ಅರಿಷಿಣ, ಕುಂಕುಮ, ಮೇಲೆ ಮೂರು ಬೆರಳಿನ ವಿಭೂತಿ. ಹಚ್ಚಿದ್ದನ್ನು ಒರೆಸುವುದು ಅಪಚಾರ. ಹೀಗೆ ಪದರದ ಮೇಲೆ ಪದರ ಭಕ್ತಿ ಕೂತು, ಒಣಗಿ, ಗಟ್ಟಿಯಾಗಿ, ಬಂದೂಕಿನ ಸಂದುಗೊಂದುಗಳೆಲ್ಲ ಮುಚ್ಚಿಹೋದವು. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸುತ್ತಿದ್ದಳು. ಅವರು ಚೀಟಿ ಕಟ್ಟಿ ಇಟ್ಟು, ಚೀಟಿ ಬಿಚ್ಚಿ ಕೊಡುತ್ತಿದ್ದರು. ಕುಂಕುಮ ಹಚ್ಚಿದ್ದಕ್ಕೆ ಯಾರೂ ಉಗುರು ತಾಗಿಸಿರಲಿಲ್ಲ.

ಈ ವರ್ಷ ಮಾತ್ರ ತಿಕೋಟಾದ ಕಲ್ಯಾಣ ಮಂಟಪವೊಂದರಲ್ಲಿ ಪರವಾನಗಿ ಬಂದೂಕುಗಳ ತಪಾಸಣೆ ನಡೆಯಿತು. ಪ್ರತಿ ಬಂದೂಕೂ ಯಾವ ಬಗೆಯದು, ಹೇಗೆ ಕೆಲಸ ಮಾಡುತ್ತದೆ ಎಂದು ಕಂಪ್ಯೂಟರಿಗೆ ಏರಿಸಬೇಕಿತ್ತು. ಮಂಟಪದ ಮರ್ಯಾದೆಗೆ ತಕ್ಕಂತೆ ಬಬಲೇಶ್ವರ, ಸಾರವಾಡದ ಕಡೆಯಿಂದ ಜೋಡಿಗಳೇ ಹೆಚ್ಚು ಬಂದಿದ್ದವು, ಅಂದರೆ ಜೋಡಿ ನಳಿಕೆಗಳು. ರುದ್ರವ್ವನದು ಒಂಟಿ ನಳಿಕೆ. ಸೀರೆಯಲ್ಲಿ ಸುತ್ತಿ ತಂದಿದ್ದಳು. ಜೊತೆಗೆ ಪಕ್ಕದ ಹೊಲದ ಕುರಿಗಾರ ರೇವಪ್ಪ, ಬೇಕಾದರೆ ಸಾಕ್ಷಿ ಹೇಳಲು.

ಮೇಜಿನ ಹಿಂದೆ ಕೂತ ಗುಮಾಸ್ತ ಚೇತನಕುಮಾರ ತಲೆ ಎತ್ತದೆ ಕೇಳಿದ: "ಯಾವ ಜಾತಿದುರಿ ಅಮ್ಮಾರ?"

"ನಮ್ಮ ಮನ್ಯಾಗಿಂದು. ನಮ್ಮದ ಜಾತಿ."

"ಬಂದೂಕಿನ ಜಾತಿ ಕೇಳೇನ್ರಿ."

ಬಂದೂಕುಗಳಲ್ಲೂ ಒಳಪಂಗಡಗಳಿವೆ ಎಂದು ಆಕೆಗೆ ಗೊತ್ತಾದದ್ದು ಅಂದೇ. ಮೊದಲು ನಳಿಕೆ ಒಂದೋ ಎರಡೋ ನೋಡಬೇಕು. ಆಮೇಲೆ ಊಟ ಎಲ್ಲಿಂದ ಎಂಬುದು: ಮೂತಿಯಿಂದ ಮದ್ದು ಜಡಿದು ತುಂಬುವುದೋ, ಹಿಂದಿನಿಂದ ಕಾಡತೂಸು ಇಡುವುದೋ. ಹಿಂದಿನಿಂದಾದರೆ ತೆರೆಯುವುದು ಹೇಗೆ? ಕೆಲವು ನಡು ಮುರಿದು ಬಾಗುತ್ತವೆ, ಕೆಲವಕ್ಕೆ ಬಾಗಿಲಿನಂತೆ ಚಿಲಕ ಎಳೆಯಬೇಕು, ಕೆಲವು ಒಂದು ಹಾರಿಸಿದ ಕೂಡಲೇ ತಾವೇ ಇನ್ನೊಂದು ತುಂಬಿಕೊಳ್ಳುತ್ತವೆ. ರುದ್ರವ್ವನ ಪರವಾನಗಿಯಲ್ಲಿ ಬರೆದದ್ದು ಇಷ್ಟು: ಒಂಟಿ ನಳಿಕೆ, ಹಿಂದಿನಿಂದ ತುಂಬುವುದು, ನಡು ಬಾಗುವುದು.

ಚೇತನಕುಮಾರ ಬಾಗಿಸಿ ನೋಡಿದ. ಬಾಗಲಿಲ್ಲ. ಮೊಣಕಾಲಿಗೆ ಆನಿಸಿ ಒತ್ತಿದ. ಕುಂಕುಮ ಉದುರಿತೇ ಹೊರತು ಬಂದೂಕು ಬಗ್ಗಲಿಲ್ಲ. ನಂಬರು ಇರಬೇಕಾದ ಜಾಗದಲ್ಲಿ ವಿಭೂತಿ ಕಲ್ಲಾಗಿತ್ತು.

"ಇದು ಹಿಂದಿನಿಂದ ತುಂಬೂದಲ್ಲರಿ. ತೆರ್‍ಯಾಕ ಜಾಗಾನ ಇಲ್ಲ. ಮೂತಿಯಿಂದ ತುಂಬೂ ನಾಡ ಬಂದೂಕ." ಅವನು ಪರವಾನಗಿ ನೋಡಿದ, ಬಂದೂಕು ನೋಡಿದ, ಕೊನೆಗೆ ಆಕೆಯನ್ನು ನೋಡಿದ. "ಹಂಗಾದ್ರ ಲೈಸೆನ್ಸಿನ ಬಂದೂಕ ಎಲ್ಲಿ ಹೋತು?"

ಲೋಕವನ್ನೆಲ್ಲ ಓರೆಗಣ್ಣಿನಿಂದ ನೋಡಿದ ರುದ್ರವ್ವನನ್ನು ಈಗ ಲೋಕ ಓರೆಗಣ್ಣಿನಿಂದ ನೋಡುತ್ತಿತ್ತು. ಅಸಲಿ ಬಂದೂಕು ಮಾರಿ ನಕಲಿ ತಂದಿದ್ದಾಳೆಂದು ಬರೆದುಕೊಂಡರೆ ಬಂದೂಕು ಜಪ್ತಿ, ಪರವಾನಗಿ ರದ್ದು, ಮೇಲೊಂದು ಕೇಸು.

ರೇವಪ್ಪ ಮುಂದೆ ಬಂದ. "ಇದನ್ನ ಅಯ್ನೋರ ಕೈಯಾಗ ನಾ ನೋಡೇನ್ರಿ ಸಾಹೇಬ್ರ."

"ತುಂಬೂದು ನೋಡಿಯೇನು? ಮುಂದಿನಿಂದೋ, ಹಿಂದಿನಿಂದೋ?"

"ದೂರದಿಂದರಿ."

ಯಾರೋ ನಕ್ಕರು. ಚೇತನಕುಮಾರ ನಗದೆ, ತಪಾಸಣೆಗೆಂದು ವಿಜಯಪುರದಿಂದ ಕರೆಸಿದ್ದ ಬಂದೂಕು ರಿಪೇರಿಯ ಆಫ್ತಾಬನನ್ನು ಕೂಗಿದ. ಆಫ್ತಾಬ ನಳಿಕೆಯೊಳಗೆ ಕಡ್ಡಿ ಇಳಿಸಿ ನೋಡಿ, ತುಂಬಿದ ಕಾಡತೂಸು ಇಲ್ಲ ಎಂದ. "ಕಬ್ಬಿಣದ ಜಂಗು, ಎಣ್ಣಿ, ಕುಂಕುಮ ಕೂಡಿ ಸಿಮೆಂಟ್ ಆಗೇದ. ಡೀಸೆಲ್‌ನ್ಯಾಗ ನೆನಸಿ ಬಿಚ್ಚಬೇಕು. ತೆರೀತಂದ್ರ ಅಕ್ಕಾರದು ಖರೇ. ತೆರೀಲಿಲ್ಲಂದ್ರ ಸಾಹೇಬ್ರದು."

"ಬಿಚ್ಚೂದು ಬ್ಯಾಡ" ಎಂದಳು ರುದ್ರವ್ವ. "ಬಿಚ್ಚಿದ್ರ ಒಳಗಿನ ಸಾಮಾನು ಬದಲಿ ಆಗ್ತದ. ನಮ್ಮ ಮಿಕ್ಸರ್ ರಿಪೇರಿಗೆ ಕೊಟ್ಟಿದ್ವಿ, ಬಂದಮ್ಯಾಲ ಅದರ ದನೀನ ಬ್ಯಾರೆ."

"ಇದರ ದನಿ ನೀವು ಕೇಳೇ ಇಲ್ಲಲ್ರಿ ಅಕ್ಕಾರ" ಎಂದ ಆಫ್ತಾಬ.

ಬಿಚ್ಚದಿದ್ದರೆ ಬಂದೂಕು ಹೋಗುತ್ತದೆ, ಬಿಚ್ಚಿದರೆ ನಂಬಬೇಕಾಗುತ್ತದೆ. ಎರಡರಲ್ಲಿ ಯಾವ ನಷ್ಟ ದೊಡ್ಡದೆಂದು ಆಕೆ ಬಹಳ ಹೊತ್ತು ಯೋಚಿಸಿದಳು. ಕೊನೆಗೆ ಒಂದು ಷರತ್ತು: ಬಂದೂಕಿನ ಮರದ ಹಿಡಿ ತನ್ನ ಕೈಯಲ್ಲೇ ಇರಬೇಕು, ಬಿಡುವುದಿಲ್ಲ.

ಬಿಡಲಿಲ್ಲ. ಆಫ್ತಾಬ ಸಂದುಗಳಿಗೆ ಡೀಸೆಲ್ ಹನಿಸಿದ. ಆಕೆ ಅವನ ಬೆರಳು ನೋಡುತ್ತ ಕೂತಳು. ಅವನು ಅರಿವೆ ತರಲು ಎದ್ದರೆ ಅಂಗಿಯ ತೋಳು ಜಾಡಿಸಲು ಹೇಳಿದಳು. ಚಹಾ ಬಂತು, ಕುಡಿಯಲಿಲ್ಲ, ಕುಡಿಯುವಾಗ ಕಣ್ಣು ಲೋಟದೊಳಗೆ ಹೋಗುತ್ತದಲ್ಲ. ಕೆಂಪು, ಹಳದಿ, ಬಿಳಿ ರಾಡಿ ಇಳಿದು ಹೋಗಿ ಮೊದಲು ಒಂದು ನಂಬರು ಕಂಡಿತು, ಪರವಾನಗಿಯದ್ದೇ. ಆಮೇಲೆ ಮೇಲ್ಗಡೆ ಬಂದೂಕು ತೆರೆಯುವ ಸಣ್ಣ ಸನ್ನೆಕೋಲು ಹೊರಬಂತು. ಆಫ್ತಾಬ ಅದನ್ನು ಹೆಬ್ಬೆರಳಿನಿಂದ ಸರಿಸಿ, ನಳಿಕೆಯನ್ನು ಕೆಳಕ್ಕೆ ಒತ್ತಿದ. ಬಂದೂಕು ನಡು ಬಾಗಿಸಿತು.

"ಹಿಂದಿನಿಂದ ತುಂಬೂದು, ನಡು ಬಾಗೂದು. ಬರಕೋರಿ" ಎಂದ ಆಫ್ತಾಬ. ಚೇತನಕುಮಾರ ಬರೆದುಕೊಂಡ. "ತಪ್ಪ ತಿಳ್ಕೋಬ್ಯಾಡ್ರಿ ಅಮ್ಮಾರ, ನನ್ನ ಕೆಲಸಾನ ಅನುಮಾನದ್ದು" ಎಂದ.

"ನಂದೂ ಅದ ಕೆಲಸ ತಮ್ಮಾ, ಆದ್ರ ಪಗಾರಿಲ್ಲ" ಎಂದು ರುದ್ರವ್ವ ಉಸಿರು ಬಿಟ್ಟಳು.

ಅಷ್ಟರಲ್ಲಿ ನಳಿಕೆಯ ಹಿಂಬಾಯಿಯಿಂದ ಒಂದು ಕೊಳವೆ ಜಾರಿ ಮೇಜಿನ ಮೇಲೆ ಉರುಳಿತು. ಖಾಲಿ ಕಾಡತೂಸು. ಬಾಯಿ ಸುಟ್ಟು ಕಪ್ಪಾಗಿತ್ತು, ತಳದಲ್ಲಿ ಬಂದೂಕಿನ ಮೊಳೆ ಬಡಿದ ಕುಳಿ.

"ಹಾರಿಸಿದ್ದದ" ಎಂದ ಆಫ್ತಾಬ, ಸಹಜವಾಗಿ. "ಸಣ್ಣ ಚರಿ, ಸಾಸಿವಿಕಾಳಿನಂಥಾ ಗುಂಡು ತುಂಬಿದ್ದು."

ಇದನ್ನು ನೀವೇ ಇಟ್ಟಿರಿ ಎನ್ನಲು ರುದ್ರವ್ವ ಬಾಯಿ ತೆರೆದಳು, ಮುಚ್ಚಿದಳು. ಹಿಡಿ ಬಿಟ್ಟಿರಲಿಲ್ಲ, ಕಣ್ಣು ಕದಲಿಸಿರಲಿಲ್ಲ, ಅವನ ತೋಳು ಜಾಡಿಸಿದವಳೂ ಆಕೆಯ ಮಾತೇ. ಯಾರ ಮೇಲೂ ಹೊರಿಸಲು ಜಾಗ ಉಳಿಸಿಕೊಂಡಿರಲಿಲ್ಲ.

ಬಸ್ಸಿನಲ್ಲಿ ಬಂದೂಕು ತೊಡೆಯ ಮೇಲಿತ್ತು. ರೇವಪ್ಪ ಪಕ್ಕದ ಸೀಟಿನಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದ. ಊರು ಹತ್ತಿರ ಬಂದಾಗ ಮೆಲ್ಲಗೆ ಹೇಳಿದ: "ನಮ್ಮ ಟಗರು ಸತ್ತಿತ್ತಲ್ರಿ, ನಿಮ್ಮ ಜ್ವಾಳದ ಹೊಲದಾಗ. ಚರ್ಮದ ತುಂಬ ಸಣ್ಣ ಸಣ್ಣ ತೂತು. ತೋಳ ಕಚ್ಚೇದ ಅಂದಿದ್ರು ಅಯ್ನೋರು. ತೋಳದ ಹಲ್ಲು ಅಷ್ಟು ಸಣ್ಣೂ ಇರ್ತಾವೇನ್ರಿ ಅಂದೆ. ಮರಿ ತೋಳ ಇರಬೇಕು ಅಂದ್ರು."

ರುದ್ರವ್ವನಿಗೆ ಲೆಕ್ಕ ಹತ್ತಿತು. ಯಜಮಾನರು ಹಂದಿಯೆಂದು ತಿಳಿದು ಹೊಡೆದಿರಬೇಕು; ಟಗರೆಂದು ತಿಳಿದ ಮೇಲೆ ಸುಳ್ಳು ಹೇಳಿರಬೇಕು. ರೇವಪ್ಪನಿಗೆ ಹೇಳಿದ್ದು ಇರಲಿ, ತನಗೂ.

ಬಸ್ಸಿಳಿದು ಮನೆ ಮುಟ್ಟಿದಾಗ ಆಕೆ ಅವನನ್ನು ನಿಲ್ಲಿಸಿದಳು. "ಕೊಟ್ಟಿಗ್ಯಾಗ ಎರಡು ಹೋರಿಗರ ಅದಾವ. ಟಗರಿನ ಬದಲಿ ಒಂದು ಹೊಡಕೊಂಡ ಹೋಗು."

"ಬ್ಯಾಡ್ರಿ ಅಮ್ಮಾರ. ಸತ್ತವರ ಮ್ಯಾಲ ಏನ ಸಿಟ್ಟು."

"ಸಿಟ್ಟಲ್ಲೋ. ನೀ ಚಹಾಕ್ಕ ಬಂದಾಗೆಲ್ಲ ಗ್ವಾಡಿ ಮ್ಯಾಲಿನ ಅವರ ಫೋಟೋ ನೋಡ್ತಿ. ಆ ನೋಟ ಹೆಂಗಿರ್ತದ ನನಗ ಗೊತ್ತದ. ದಿನಾ ನಾ ಎಲ್ಲಾರನ್ನೂ ಹಂಗ ನೋಡ್ತೇನಿ. ಅವರನ್ನ ಹಂಗ ನೋಡೂದು ಬ್ಯಾಡ."

ರೇವಪ್ಪ ಕೊಟ್ಟಿಗೆಗೆ ಹೋಗಿ ಒಂದು ಕರುವಿನ ಕಾಲು ಸವರಿದ, ಬಾಯಿ ಅಗಲಿಸಿ ಹಲ್ಲು ನೋಡಿದ. ಅದನ್ನು ಬಿಟ್ಟು ಇನ್ನೊಂದರ ಹಲ್ಲನ್ನೂ ನೋಡಿದ.

"ನೋಡು" ಎಂದಳು ರುದ್ರವ್ವ ಬಾಗಿಲಲ್ಲಿ ನಿಂತು. "ಸರಿಯಾಗಿ ನೋಡಿ ತಗೊ."