ನನ್ನನ್ನು ನೋಡಲು ಬಂದ ಇನ್ಸ್‌ಪೆಕ್ಟ್ರಮ್ಮ

ಈಗಿನ ಹುಡುಗಿಯರು ಕೆಲಸಕ್ಕೆ ಅರ್ಜಿ ಹಾಕುತ್ತಾರೆ, ಮೇಜಿನ ಆಚೆ ಕೂತವರ ಪ್ರಶ್ನೆಗೆ ಪಟಪಟನೆ ಉತ್ತರ ಹೇಳಿ ಬರುತ್ತಾರೆ. ನನಗೆ ಕೆಲಸ ಸಿಕ್ಕಿದ್ದು ಹಾಗಲ್ಲ. ತಲೆ ತುಂಬ ಮಲ್ಲಿಗೆ ಮುಡಿಸಿ, ಪಡಸಾಲೆಯ ಚಾಪೆಯ ಮೇಲೆ ಕೂರಿಸಿ ನನ್ನನ್ನು ನೋಡಿದರು. ತಪ್ಪು ನೋಡಿದವರದಲ್ಲ, ನಮ್ಮಜ್ಜಿಯದು.

ಆಗ ಮಹಾರಾಜರ ಕಾಲ. ಮಧುಗಿರಿಯ ಬೆಟ್ಟದ ಬುಡದ ಮನೆಯಲ್ಲಿ ಅಜ್ಜಿ ಮತ್ತು ನಾನು, ಇಬ್ಬರೇ. ಅಪ್ಪ ಅಮ್ಮ ಪ್ಲೇಗಿನಲ್ಲಿ ಹೋದ ಮೇಲೆ ಅಜ್ಜಿಯೇ ನನ್ನನ್ನು ಸಾಕಿದ್ದಳು. ಲೋಯರ್ ಸೆಕೆಂಡರಿ ಪಾಸು ಮಾಡಿ ಮನೆಯಲ್ಲಿ ಕೂತಿದ್ದ ನನ್ನ ಮುಂದೆ ಇದ್ದದ್ದು ಎರಡು ದಾರಿ. ಒಂದು, ಪಾವಗಡದ ಕಡೆಯ ಎರಡನೇ ಸಂಬಂಧದ ವರ; ಆತನ ಹಿರೀ ಮಗನಿಗೂ ನನಗೂ ಹೆಚ್ಚುಕಡಿಮೆ ಒಂದೇ ವಯಸ್ಸು. ಇನ್ನೊಂದು, ಹೆಣ್ಣುಮಕ್ಕಳ ಸ್ಕೂಲಿನಲ್ಲಿ ಖಾಲಿಯಿದ್ದ ಉಪಾಧ್ಯಾಯಿನಿಯ ಕೆಲಸ. "ಸ್ಕೂಲ್ನೋರು ಬ್ಯಾಡ ಅಂದ್ರೆ ಪಾವಗಡದೋರ್ಗೆ ಹೂಂ ಅಂತೀನಿ" ಎಂದು ಅಜ್ಜಿ ಹೇಳಿಬಿಟ್ಟಿದ್ದಳು. ಆ ವರನ ಮೀಸೆ ನೆನೆದಾಗಲೆಲ್ಲ ನಾನು ದೇವರಿಗೆ ಇನ್ನೊಂದು ಹರಕೆ ಹೊರುತ್ತಿದ್ದೆ.

ಸ್ಕೂಲುಗಳ ಇನ್ಸ್‌ಪೆಕ್ಟ್ರಮ್ಮ ತುಮಕೂರಿನಿಂದ ಬಂದು ಪ್ರವಾಸಿ ಬಂಗಲೆಯಲ್ಲಿ ಇಳಿದರು. ನನ್ನನ್ನು ಅಲ್ಲಿಗೆ ಕಳಿಸಬೇಕೆಂದು ಹೆಡ್‌ಮಿಸ್ಟ್ರೆಸ್ ಮನೆಗೆ ಬಂದು ಹೇಳಿದರೆ, ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು.

"ನಮ್ಮನೆ ಹೆಣ್ಣ ಬಂಗ್ಲೆಗೆ ಕರ್ಕೊಂಡೋಗಿ ತೋರ್ಸಾದಾ? ಬೇಕಾದೋರು ಮನೆಗೆ ಬಂದು ನೋಡ್ತಾರೆ. ಅದು ಕ್ರಮ."

ಇನ್ಸ್‌ಪೆಕ್ಟ್ರಮ್ಮ ದೊಡ್ಡ ಮನಸ್ಸಿನವರಿರಬೇಕು, ಇಲ್ಲವೇ ಬಂಗಲೆಯ ಅಡಿಗೆ ಉಂಡು ಬೇಸತ್ತಿರಬೇಕು. ಮರುದಿನ ಹೆಡ್‌ಮಿಸ್ಟ್ರೆಸ್ ಜೊತೆ ಬಂದೇಬಿಟ್ಟರು.

ಅಜ್ಜಿಗೆ ಗೊತ್ತಿದ್ದ ಸಂದರ್ಶನ ಒಂದೇ, ಹೆಣ್ಣು ನೋಡುವ ಶಾಸ್ತ್ರ. ಬಾಗಿಲಿಗೆ ರಂಗೋಲಿ ಬಿತ್ತು. ಒಲೆಯ ಮೇಲೆ ಸಜ್ಜಿಗೆ, ಉಪ್ಪಿಟ್ಟು. ನನಗೆ ಅಮ್ಮನ ಹಸಿರು ರೇಷ್ಮೆ ಸೀರೆ. "ತಲೆ ಎತ್ಬ್ಯಾಡ, ತುಟಿ ಬಿಚ್ಬ್ಯಾಡ. ಮಾತೆಲ್ಲ ನನಗ್ ಬುಡು" ಎಂದು ಕಿವಿಯಲ್ಲಿ ಹೇಳಿ, ಕೈಗೆ ತಿಂಡಿಯ ತಟ್ಟೆ ಕೊಟ್ಟು ಪಡಸಾಲೆಗೆ ತಳ್ಳಿದಳು.

"ಮಕ್ಕಳಿಗೆ ಭಿನ್ನರಾಶಿ ಹೇಗೆ ಹೇಳಿಕೊಡುತ್ತೀಯಮ್ಮ?" ಎಂದು ಇನ್ಸ್‌ಪೆಕ್ಟ್ರಮ್ಮ ನನ್ನನ್ನು ಕೇಳಿದರು.

"ಒಬ್ಬಟ್ಟು ಚೆಂದಾಗಿ ಮಾಡ್ತಾಳೆ ಕಣ್ರವ್ವ" ಎಂದಳು ಅಜ್ಜಿ.

"ಸಂತೋಷ. ನಕ್ಷೆ ಬರೆಯಲು ಬರುತ್ತಾ?"

"ಬಾಗ್ಲಲ್ಲಿ ರಂಗೋಲಿ ನೋಡಿದ್ರಲ್ಲ, ಒಂದ್ ಎಳೆ ಸೊಟ್ಟಿಲ್ಲ."

ಹೆಡ್‌ಮಿಸ್ಟ್ರೆಸ್ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಅಜ್ಜಿಗೆ ಇನ್ನಷ್ಟು ಹುರುಪು ಬಂತು.

"ಈ ಹುಡ್ಗಿ ದನಿ ಇವತ್ತಿನ್ ಗಂಟ ಪಕ್ಕದ್ ಮನೆಗೆ ಕೇಳಿಲ್ಲ ತಾಯಿ. ಬೈದ್ರೂ ಎದುರು ಮಾತಾಡಾಕಿಲ್ಲ."

ಮದುವೆಯ ಹೆಣ್ಣಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಇರಲಿಲ್ಲ. ಇನ್ಸ್‌ಪೆಕ್ಟ್ರಮ್ಮ ಮಾತ್ರ ತಟ್ಟೆ ಕೆಳಗಿಟ್ಟರು. "ಅಜ್ಜಿ, ನಮ್ಮಲ್ಲಿ ಒಂದೇ ಕೋಣೆಯಲ್ಲಿ ಮೂರು ತರಗತಿ ಕೂರುತ್ತವೆ. ಇಷ್ಟು ಮೆದು ಹುಡುಗಿಗೆ ಆಗುವ ಕೆಲಸ ಅಲ್ಲ" ಎಂದು ಏಳಲು ಹೊರಟರು.

"ಮೆದು ಅಂದ್ರೆ ಮೆದು, ಬೆಣ್ಣೆ ಕಣ್ರವ್ವ" ಎಂದು ಅಜ್ಜಿ ಉರಿಯುವ ಬೆಂಕಿಗೆ ತುಪ್ಪ ಸುರಿದಳು.

ನನ್ನ ಕಣ್ಣ ಮುಂದೆ ಪಾವಗಡದ ಮೀಸೆ ಬಂದು ನಿಂತಿತು.

"ಅಜ್ಜೀ, ನೀನು ಬಾಯ್ ಮುಚ್ಕೊಂಡು ಕೂತ್ಕೊ. ಅವ್ರು ಕೇಳ್ತಿರಾದು ನನ್ನ."

ಅಂಥ ದನಿ ನನ್ನೊಳಗಿದೆಯೆಂದು ನನಗೇ ಗೊತ್ತಿರಲಿಲ್ಲ. ಏನಾಯಿತೋ ಎಂದು ಪಕ್ಕದ ಮನೆಯವರು ಓಡಿಬಂದು ಬಾಗಿಲಲ್ಲಿ ನಿಂತರು. ಶುರುಮಾಡಿದ ಮೇಲೆ ನಿಲ್ಲಿಸುವುದೇಕೆ? ತಲೆ ಎತ್ತಿ, ಅದೇ ದನಿಯಲ್ಲಿ, ತಟ್ಟೆಯ ಸಜ್ಜಿಗೆಯನ್ನು ಅರ್ಧ, ಕಾಲು, ಅರೆಕಾಲು ಮಾಡಿ ತೋರಿಸುತ್ತ ಭಿನ್ನರಾಶಿ ಹೇಳಿದೆ. ಪಕ್ಕದ ಮನೆಯವರೂ ಕಲಿತರು. ಇನ್ಸ್‌ಪೆಕ್ಟ್ರಮ್ಮ ಮತ್ತೆ ಕೂತು, ಉಪ್ಪಿಟ್ಟು ಮುಗಿಸಿ, ಸೋಮವಾರದಿಂದ ಬಾ ಎಂದರು.

"ಅತ್ತೆ ಮನೆಯೋರ್ ಮುಂದೆ ಹಂಗೆ ಕಿರುಚಿದ್ದಿದ್ರೆ ಸಂಬಂಧನೇ ಮುರ್ದೋಗಿರದು ಕಣಮ್ಮ" ಎಂದು ಅಜ್ಜಿ ದಿನವೆಲ್ಲ ಗೊಣಗಿದಳು. ಆದರೂ ಪಾವಗಡದವರಿಗೆ, ಹೆಣ್ಣು ಬೇರೆ ಕಡೆ ನಿಶ್ಚಯವಾಗಿದೆ ಎಂದು ಹೇಳಿಕಳಿಸಿದಳು. ನಾನು ಅಡಿಗೆಮನೆಯಲ್ಲಿ ಒಬ್ಬಳೇ ನಿಂತು ನಕ್ಕೆ. ಆಮೇಲೆ, ವರನ ಮನೆ ನೋಡುವ ಹಾಗೆ, ಅವಳು ಸ್ಕೂಲು ನೋಡಲು ಹೋದಳು. ಬಾವಿಯ ನೀರು ಕುಡಿದು ನೋಡಿದಳು. ಸೂರು ಸೋರುವ ಜಾಗವನ್ನು ಹೆಡ್‌ಮಿಸ್ಟ್ರೆಸ್‌ಗೆ ತೋರಿಸಿಕೊಟ್ಟು ಬಂದಳು.

ಸೋಮವಾರ ನನ್ನ ಜೊತೆಗೇ ಬಂದು, ನನ್ನ ಕೈಯನ್ನು ಹೆಡ್‌ಮಿಸ್ಟ್ರೆಸ್ ಕೈಯಲ್ಲಿಟ್ಟು, "ತಾಯಿಲ್ಲದ್ ಕೂಸು. ತಪ್ಪು ಮಾಡುದ್ರೆ ನಿಮ್ ಮಗ್ಳು ಅಂತ ತಿದ್ಕೊಳ್ಳಿ" ಎಂದು ಗಳಗಳನೆ ಅತ್ತಳು. ಹೆಣ್ಣು ಒಪ್ಪಿಸುವಾಗ ಅಳುವುದೂ ಕ್ರಮವೇ. ಸ್ಕೂಲು ಇದ್ದದ್ದು ನಮ್ಮ ಮನೆಯಿಂದ ಎರಡು ಬೀದಿ ಆಚೆ. ಮಕ್ಕಳೆಲ್ಲ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದವು.

ಸಂಜೆ ಗಂಟೆ ಹೊಡೆದ ಮೇಲೆ ಮನೆಗೆ ಬಂದೆ. ಅಜ್ಜಿ ಜಗುಲಿಯ ಮೇಲೆ ಕೂತಿದ್ದಳು, ಕಣ್ಣು ಇನ್ನೂ ಊದಿಕೊಂಡಿತ್ತು. ನನ್ನನ್ನು ಕಂಡು ದಡಬಡಿಸಿ ಎದ್ದು, ಗಲ್ಲ ಹಿಡಿದು ಮುಖ ನೋಡಿದಳು.

"ನಿನ್ನೂ ಸೇರ್ಸಿ ಮೂರು ಹೆಣ್ಮಕ್ಳ ಒಪ್ಸಿ ಕಳ್ಸಿದೀನಿ ಕಣಮ್ಮ" ಎಂದಳು. "ಸಂಜೆ ಉಣ್ಣಾಕೆ ಮನೆಗ್ ಬಂದೋಳು ನೀನೊಬ್ಳೇ."