ಹೆಡ್‌ಮಾಸ್ತರರು ಕೊಟ್ಟ ತಾರೀಖು

ನನಗೆ ಎರಡು ಹುಟ್ಟಿದ ದಿನಗಳಿವೆ. ನಿಜವಾದದ್ದು ನಾಗರ ಪಂಚಮಿ. ಒಂದನೇ ಇಯತ್ತೆಗೆ ವಯಸ್ಸು ಸಾಲದೆಂದು ಹುಬ್ಬಳ್ಳಿಯ ಹೆಡ್‌ಮಾಸ್ತರರು ಮೇ ತಿಂಗಳ ಯಾವುದೋ ತಾರೀಖು ಬರೆದುಬಿಟ್ಟರು. ಪಾಸ್‌ಪೋರ್ಟಿನಲ್ಲಿ, ಪೈಲಟ್ ಲೈಸೆನ್ಸಿನಲ್ಲಿ, ಈ ಕೊಲ್ಲಿ ದೇಶದ ಗುರುತಿನ ಚೀಟಿಯಾದ ಸಿಪಿಆರ್ ಕಾರ್ಡಿನಲ್ಲಿ ಇರುವುದು ಅದೇ. ನಮ್ಮ ಕಡೆ ಇದು ಮನೆಮನೆಯ ಕಥೆ, ಯಾರೂ ಇದನ್ನು ಸುಳ್ಳೆನ್ನುವುದಿಲ್ಲ.

ಇಲ್ಲಿನ ಬುದಯ್ಯ ಎಂಬ ಊರಿನ ನಮ್ಮ ಮನೆಗೆ ಪ್ರತಿ ಪಂಚಮಿಗೂ ಉಂಡಿ ತಿನ್ನಲು ಬರುತ್ತಿದ್ದವನು ಉಡುಪಿ ಕಡೆಯ ಒಬ್ಬ ಗೆಳೆಯ. ಇಬ್ಬರೂ ಒಂದೇ ದಿನ ಒಂದು ಸಣ್ಣ ಕಾರ್ಗೋ ಕಂಪನಿಗೆ ಕೋ-ಪೈಲಟ್‌ಗಳಾಗಿ ಸೇರಿದವರು. ಒಟ್ಟಿಗೆ ಸೇರಿದವರಲ್ಲಿ ವಯಸ್ಸಿಗೆ ದೊಡ್ಡವನೇ ಸೀನಿಯರ್. ಅವನು ಹುಟ್ಟಿದ್ದು ಅದೇ ವರ್ಷದ ಜೂನ್‌ನಲ್ಲಿ, ಆಸ್ಪತ್ರೆಯ ಸರ್ಟಿಫಿಕೇಟ್ ಸಮೇತ. ಕಾಗದದಲ್ಲಿ ನಾನು ದೊಡ್ಡವನು, ನಿಜದಲ್ಲಿ ಅವನು. ಅದನ್ನೇ ಆಡಿಕೊಂಡು ನಗುತ್ತ ಉಂಡಿ ತಿನ್ನುತ್ತಿದ್ದೆವು.

ಆಮೇಲೆ ದೊಡ್ಡ ಏರ್‌ಲೈನ್ ಒಂದು ನಮ್ಮ ಕಂಪನಿಯನ್ನು ಕೊಂಡಿತು. ಎರಡೂ ಕಡೆಯ ಪೈಲಟ್‌ಗಳ ಸೀನಿಯಾರಿಟಿ ಪಟ್ಟಿಯನ್ನು ಒಂದು ಮಾಡುವಾಗ ಯೂನಿಯನ್ ನಮ್ಮನ್ನೆಲ್ಲ ತಳಕ್ಕೆ ತಳ್ಳಿತು, ನಿನ್ನೆ ಮೊನ್ನೆ ಸೇರಿದವರಿಗಿಂತಲೂ ಕೆಳಕ್ಕೆ. ತಳದಲ್ಲಿದ್ದವನಿಗೆ ಕ್ಯಾಪ್ಟನ್ ಸೀಟು ಈ ಜನ್ಮಕ್ಕಿಲ್ಲ. ನನಗೆ ಮೈಯೆಲ್ಲ ಉರಿಯಿತು. ನಮ್ಮ ಪರ ನಿಲ್ಲಬೇಕಾದವರೇ ನಮ್ಮ ಕತ್ತು ಕೊಯ್ದರೆಂದು ಗೆಳೆಯನೂ ಸೇರಿ ಹತ್ತು ಮಂದಿ ಯೂನಿಯನ್ ಮೇಲೆಯೇ ಕೇಸು ಹಾಕಿದೆವು.

ಅಂದಿನಿಂದ ನನಗೆ ಎಲ್ಲರ ಮೇಲೂ ಅನುಮಾನ. ಕ್ರೂ ಬಸ್ಸಿನಲ್ಲಿ ಯಾರಾದರೂ ದನಿ ತಗ್ಗಿಸಿದರೆ ಅದು ನನ್ನ ವಿಷಯವೇ. ಒಂದು ಸಂಜೆ ಮೀನಾ ಸಲ್ಮಾನ್ ಬಂದರಿನ ಹತ್ತಿರದ ಚಹಾದಂಗಡಿಯಲ್ಲಿ ಗೆಳೆಯ ಯೂನಿಯನ್ ಸೆಕ್ರೆಟರಿಯ ಎದುರು ಕೂತಿದ್ದ. ನನ್ನನ್ನು ಕಂಡು ಕೈಯೆತ್ತಿದ. ನಾನು ಕಾರು ನಿಲ್ಲಿಸಲಿಲ್ಲ.

ಮರುವಾರ ವಕೀಲರು ನಮ್ಮದೇ ಪಟ್ಟಿಯನ್ನು ಮುಂದಿಟ್ಟರು. ಹೆಸರು, ಸೇರಿದ ದಿನ, ಹುಟ್ಟಿದ ದಿನ. ಇಡೀ ಪಟ್ಟಿ ನಿಜವೆಂದು ಪ್ರತಿಯೊಬ್ಬರೂ ಪ್ರಮಾಣ ಮಾಡಿ ಸಹಿ ಹಾಕಬೇಕಿತ್ತು. ನಾನು ಹಾಕಿದೆ. ಗೆಳೆಯ ಸುಮಾರು ಹೊತ್ತು ಓದಿ ಪೆನ್ನು ಕೆಳಗಿಟ್ಟ.

"ನಂಗೆ ಆಗುದಿಲ್ಲ ಮಾರಾಯ. ನನ್ನ ಹೆಸರು ತೆಗೀರಿ."

"ಎಷ್ಟಕ್ಕ ಮಾರ್ಕೊಂಡ್ಯಲೇ?" ಎಂದೆ, ಎಲ್ಲರ ಎದುರಿಗೇ.

ಅವನು ಎದ್ದುಹೋದ. ಚಹಾದಂಗಡಿಯ ಕಥೆಯನ್ನು ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿದೆ. ಅವನ ಜೊತೆ ಯಾರೂ ಮಾತಾಡದ ಹಾಗಾಯಿತು. ಆ ಪಂಚಮಿಗೆ ಹೆಂಡತಿ ಅವನಿಗೆಂದು ಡಬ್ಬಿ ತುಂಬಿದಳು. ನಾನು ಕಳಿಸಗೊಡಲಿಲ್ಲ.

ಕೇಸು ಗೆದ್ದೆವು. ಸಹಿ ಹಾಕಿದವರಿಗಷ್ಟೇ ಹಳೆಯ ಸ್ಥಾನ ಸಿಕ್ಕಿತು. ನಾನು ಕ್ಯಾಪ್ಟನ್ ಆದೆ, ಅವನು ತಳದಲ್ಲೇ ಉಳಿದ. ಸಿಹಿ ಕೊಡಲು ಹೋದಾಗ ವಕೀಲರು ತಾವಾಗಿಯೇ ಅವನ ಮಾತು ತೆಗೆದರು. ಸಹಿ ಯಾಕೆ ಹಾಕಲಿಲ್ಲವೆಂದು ತೀರ್ಪಾದ ಮೇಲೆ ಅವನನ್ನು ಕೇಳಿದ್ದರಂತೆ. ಪಟ್ಟಿಯಲ್ಲಿ ಒಬ್ಬರ ತಾರೀಖು ತಪ್ಪೆಂದು ತನಗೆ ಗೊತ್ತಿತ್ತು, ಪ್ರಮಾಣ ಮಾಡಲು ಮನಸ್ಸು ಬರಲಿಲ್ಲ, ಯಾರದ್ದೆಂದು ಮಾತ್ರ ಹೇಳುವುದಿಲ್ಲ ಅಂದನಂತೆ. ಸೆಕ್ರೆಟರಿ ಚಹಾಕ್ಕೆ ಕರೆದು ಅದನ್ನೇ ಕೆದಕಿದಾಗಲೂ ಬಾಯಿ ಬಿಟ್ಟಿರಲಿಲ್ಲವಂತೆ. ಯಾರದ್ದಿರಬಹುದು ಎಂದು ವಕೀಲರು ನನ್ನನ್ನೇ ಕೇಳಿದರು. ಗೊತ್ತಿಲ್ಲ ಅಂದೆ. ನಾಚಿಕೆಯಿಂದ ನನಗೆ ಅಲ್ಲಿ ಕೂರಲಾಗಲಿಲ್ಲ.

ಈ ವರ್ಷ ಪಂಚಮಿಯ ದಿನ ನನ್ನ ಪಕ್ಕದ ಸೀಟಿಗೆ ಕೋ-ಪೈಲಟ್ ಆಗಿ ಬಂದವನು ಅವನೇ. ಉಂಡಿಯ ಡಬ್ಬಿಯನ್ನು ಮುಂದೆ ಹಿಡಿದೆ. "ಇವತ್ತು ನಂದು ಖರೇ..." ಎಂದು ಶುರುಮಾಡುವಷ್ಟರಲ್ಲಿ ಅವನು ತುಟಿಯ ಮೇಲೆ ಬೆರಳಿಟ್ಟು, ತಲೆಯ ಮೇಲಿದ್ದ ಮೈಕನ್ನು ತೋರಿಸಿದ. ಕಾಕ್‌ಪಿಟ್ಟಿನಲ್ಲಿ ಆಡಿದ್ದೆಲ್ಲ ರೆಕಾರ್ಡ್ ಆಗುತ್ತದೆ.

ಇದು ಬೆದರಿಕೆಯೇನೋ ಎಂದೇ ನನ್ನ ಮನಸ್ಸು ಮೊದಲು ಯೋಚಿಸಿತು. ಥೂ, ನನ್ನ ಬುದ್ಧಿಗಿಷ್ಟು! ಅವನು ಒಂದು ಉಂಡಿ ತಿಂದು, ಕೈ ಒರೆಸಿಕೊಂಡು, ಚೆಕ್‌ಲಿಸ್ಟ್ ಎತ್ತಿಕೊಂಡ.

"ರೆಡಿ, ಕ್ಯಾಪ್ಟನ್," ಅಂದ.